ಗಿಡದವರು

ಬೀಜದ ಪೊಟ್ಟಣಕ್ಕೆ ಕೊರಿಯರ್ ಸೇರಿ ಮುನ್ನೂರ ನಲವತ್ತು. ತೆಂಗಿನ ನಾರಿನ ಪುಡಿ ಇನ್ನೂರು, ಬೇವಿನ ಹಿಂಡಿ ಎಂಬತ್ತು, ಬಸವನಹುಳಕ್ಕೆಂದು ತಂದು ಹಾಕಲು ಮನಸ್ಸಾಗದೆ ಉಳಿದ ಔಷಧಿ ನೂರ ಇಪ್ಪತ್ತು. ಭದ್ರಾವತಿಯಿಂದ ಕುಂಡಗಳನ್ನು ಹೊತ್ತು ತಂದ ಲಗೇಜ್ ಆಟೋಗೆ ಎಂಟುನೂರು. ನಿನ್ನೆ ಬಂದ ಹೆಂಗಸರಿಗೆ ಗೋಡಂಬಿ ಹಾಕಿದ ಉಪ್ಪಿಟ್ಟು, ಬೇಕರಿಯ ಬಿಸ್ಕತ್ತು, ಸಕ್ಕರೆ, ನಿಂಬೆಹಣ್ಣು ಎಲ್ಲ ಕೂಡಿ ಸಾವಿರದ ಹತ್ತಿರ. ಇವತ್ತಿನ ಬಸ್ಸಿಗೆ ಸೊನ್ನೆ; ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಸೊನ್ನೆಯ ಚೀಟಿಯನ್ನು ಮಡಚಿ ಪರ್ಸಿನ ಬಾಯಿಗೆ ಸಿಕ್ಕಿಸಿಕೊಂಡು ಮಧುಶ್ರೀ ಮತ್ತೆ ಮೊದಲಿನಿಂದ ಕೂಡಿಸತೊಡಗಿದಳು. ಮೊತ್ತ ಪ್ರತಿಸಲವೂ ಅದೇ ಬರುತ್ತಿತ್ತು. ಕೂಡಿಸುತ್ತಿರುವಷ್ಟು ಹೊತ್ತು, ನಿನ್ನೆ ತಾರಸಿಯ ಮೇಲೆ ತನ್ನ ಬಾಯಿಂದ ಬಂದ ಮಾತು ಹೊರಗೇ ನಿಂತಿರುತ್ತಿತ್ತು. ಲೆಕ್ಕ ಮುಗಿದ ಕೂಡಲೇ ಒಳಗೆ ಬಂದು ಕೂರುತ್ತಿತ್ತು. ಅದಕ್ಕೇ ಮತ್ತೆ ಕೂಡಿಸುತ್ತಿದ್ದಳು.

ಬಸ್ಸು ತುಂಗೆಯ ಸೇತುವೆ ದಾಟಿ ಮಲವಗೊಪ್ಪದ ಕಡೆ ಓಡುತ್ತಿತ್ತು. ಮಳೆ ಬಿಟ್ಟಿದ್ದರೂ ಕಿಟಕಿಯ ಗಾಜು ಒದ್ದೆಯಾಗಿತ್ತು. ಪರ್ಸಿನೊಳಗೆ ಫೋನು ಒಂದೇ ಸಮ ಮಿಡುಕುತ್ತಿತ್ತು. ನೋಡದಿದ್ದರೂ ಅವಳಿಗೆ ಗೊತ್ತು, ‘ಹಸಿರು ತಾರಸಿ’ ಗುಂಪಿನ ಹೆಂಗಸರು ನಿನ್ನೆಯ ಫೋಟೋಗಳನ್ನು ಹಾಕುತ್ತಿದ್ದಾರೆ. ಬೆಳಿಗ್ಗೆ ಒಂದನ್ನು ನೋಡಿದ್ದಳು. ಕೆಂಪು ಶಿಸೋ ಗಿಡಗಳ ಸಾಲಿನ ಮುಂದೆ ತಾನು ನಗುತ್ತ ನಿಂತಿದ್ದೇನೆ, ಪಕ್ಕದಲ್ಲಿ ನೀರಿನ ಟ್ಯಾಂಕಿಗೆ ಒರಗಿಕೊಂಡು ಅರ್ಧ ಕಾಣುವ ಹಾಗೆ ಅತ್ತಿಗೆ ಉಚ್ಚಂಗಮ್ಮ. ಕೆಳಗೆ ಯಾರೋ ಬರೆದಿದ್ದರು: ಮಧು ಮೇಡಂ ಮತ್ತು ಅವರ ಗಿಡದವರು. ಅದರ ಕೆಳಗೆ ಇನ್ನೊಬ್ಬರು: ಗಿಡದವರ ನಂಬರ್ ಇದ್ದರೆ ಹಾಕಿ ಮೇಡಂ, ಪ್ಲೀಸ್. ಕೈ ಮುಗಿಯುವ ಚಿತ್ರ. ಅಣ್ಣನ ಹೆಂಡತಿಯ ನಂಬರು ಅವಳ ಫೋನಿನಲ್ಲಿ ‘ತವರುಮನೆ’ ಎಂಬ ಹೆಸರಿನಲ್ಲಿತ್ತು. ಅದನ್ನು ಹಾಗೇ ಕಳಿಸಿದರೆ ಹೆಸರೂ ಜೊತೆಗೇ ಹೋಗುತ್ತದೆ ಎಂದು ಹೊಳೆದು, ಬೇರೆ ಹೆಸರು ಕೊಟ್ಟು ಕಳಿಸಬೇಕೆಂಬ ಯೋಚನೆಯೂ ಬಂದು, ಅಂಥ ಯೋಚನೆ ಅಷ್ಟು ಸಲೀಸಾಗಿ ಬಂದದ್ದಕ್ಕೆ ಮೈ ಕುಗ್ಗಿ ಫೋನನ್ನು ಒಳಗಿಟ್ಟಿದ್ದಳು.

ಇಷ್ಟಕ್ಕೆಲ್ಲ ಈ ಶಿಸೋ ಎಂಬ ಒಂದು ಸೊಪ್ಪು ಕಾರಣ ಎಂದರೆ ಯಾರೂ ನಂಬುವುದಿಲ್ಲ. ಜಪಾನಿನವರು ಉಪ್ಪಿನಕಾಯಿಗೆ ಬಣ್ಣ ಕಟ್ಟಲು ಹಾಕುವ ಸೊಪ್ಪಂತೆ. ಎಲೆ ನೋಡಿದರೆ ಕೃಷ್ಣ ತುಳಸಿಯ ದೊಡ್ಡಮ್ಮನ ಹಾಗೆ, ಅಂಚಿನಲ್ಲಿ ಗರಗಸದ ಹಲ್ಲು, ಹಿಚುಕಿದರೆ ಜೀರಿಗೆಯೋ ಪುದಿನವೋ ಎಂದು ಗೊತ್ತಾಗದ ಒಂದು ಘಮ. ಮೇ ತಿಂಗಳಲ್ಲಿ ಬೀಜ ತರಿಸಿ, ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ತಾನೇ ಬೆಳೆಯುತ್ತೇನೆಂದು ಹೇಳಿಕೊಂಡಿದ್ದಳು. ಅರ್ಧ ಪೊಟ್ಟಣ ತಾನು ಬಿತ್ತಿ, ಉಳಿದದ್ದನ್ನು ಭದ್ರಾವತಿಗೆ ಹೋದಾಗ ಅತ್ತಿಗೆಯ ಕೈಗೆ ಕೊಟ್ಟಿದ್ದಳು. ವಿನೋಬನಗರದ ತಾರಸಿಯಲ್ಲಿ ಎಳೆ ಸಸಿ ಎರಡೆಲೆ ಬಿಡುವ ಹೊತ್ತಿಗೆ ಮಳೆ ಹಿಡಿಯಿತು, ಬಸವನಹುಳ ಬಂದವು, ಒಂದು ಬೆಳಿಗ್ಗೆ ನೋಡಿದರೆ ಕುಂಡಗಳಲ್ಲಿ ಲೋಳೆ ಹಾದಿ ಮಾತ್ರ ಹೊಳೆಯುತ್ತಿತ್ತು. ಆ ಹೊತ್ತಿಗೆ ಸಸಿಯ ಫೋಟೋ ಗುಂಪಿಗೆ ಹೋಗಿ, ಪ್ರಿಯಂವದಾ ಅವರಂಥವರೇ ‘ಭೇಷ್’ ಎಂದು ಬರೆದಾಗಿತ್ತು. ಸಂಸ್ಕೃತ ಕಲಿಸಿ ನಿವೃತ್ತರಾದ ಆ ಹೆಂಗಸು ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಗಿಡ ಸತ್ತಿತು ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಎಲ್ಲರ ಮನೆಯಲ್ಲೂ ಗಿಡ ಸಾಯುತ್ತವೆ. ಅದರ ಬದಲು ತಿಂಗಳು ಕಳೆದು ಒಂದು ಭಾನುವಾರ ಭದ್ರಾವತಿಯ ನ್ಯೂ ಟೌನಿಗೆ ಹೋಗಿ, ಅತ್ತಿಗೆಯ ಹಿತ್ತಲಲ್ಲಿ ಮೊಣಕಾಲೆತ್ತರ ಬೆಳೆದು ನಿಂತ ಕೆಂಪು ಗಿಡಗಳ ಫೋಟೋ ಹೊಡೆದುಕೊಂಡು ಬಂದಿದ್ದಳು. ಕ್ವಾರ್ಟರ್ಸಿನ ಇಟ್ಟಿಗೆ ಗೋಡೆಯನ್ನು ಎಷ್ಟು ಕತ್ತರಿಸಿದರೂ ಒಂದು ಮೂಲೆ ಉಳಿದುಬಿಟ್ಟಿತ್ತು. ‘ಇಟ್ಟಿಗೆ ಗೋಡೆ ಚೆನ್ನಾಗಿದೆ ಮೇಡಂ, ಯಾರ ಹತ್ತಿರ ಮಾಡಿಸಿದಿರಿ?’ ಎಂದು ಒಬ್ಬರು ಕೇಳಿದ್ದಕ್ಕೆ ನಗುವ ಮುಖ ಕಳಿಸಿ ಸುಮ್ಮನಾಗಿದ್ದಳು.

ಅಪ್ಪ ಗೋವಿಂದಯ್ಯ ಕಾರ್ಖಾನೆಯಿಂದ ನಿವೃತ್ತನಾದ ಮೇಲೂ ಬಾಡಿಗೆ ಕಟ್ಟಿ ಉಳಿಸಿಕೊಂಡ ಕ್ವಾರ್ಟರ್ಸು ಅದು. ಅಪ್ಪ ಅಮ್ಮ ಹೋದ ಮೇಲೆ ಅಲ್ಲಿ ಅಣ್ಣ ಧರ್ಮೇಂದ್ರ, ಅತ್ತಿಗೆ. ಅಣ್ಣನ ಗುತ್ತಿಗೆ ಕೆಲಸ ನಿಂತು ಈಗ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ. ಹರಿಹರದ ಕಡೆಯ ಹಳ್ಳಿಯಿಂದ ಉಚ್ಚಂಗಮ್ಮ ಮದುವೆಯಾಗಿ ಬಂದಾಗ ಮಧುಶ್ರೀ ಇನ್ನೂ ಲಂಗ ಹಾಕುತ್ತಿದ್ದಳು. ಸೈಕಲ್ ಕಲಿಯಲು ಅಣ್ಣ ಹಿಡಿಯಲಿಲ್ಲ, ಅಪ್ಪನಿಗೆ ಪುರುಸೊತ್ತಿರಲಿಲ್ಲ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ನ್ಯೂ ಟೌನಿನ ಅಗಲ ರಸ್ತೆಗಳಲ್ಲಿ ಹಿಂದೆ ಹಿಂದೆ ಓಡಿದವಳು ಅತ್ತಿಗೆ. ‘ಬಿಟ್ಟಿಲ್ಲ ಮಾರಾಯ್ತಿ, ಹಿಡ್ಕೊಂಡೀನಿ, ಮುಂದೆ ನೋಡು’ ಎಂದು ಕೂಗುತ್ತ ಎಂದೋ ಬಿಟ್ಟುಬಿಟ್ಟಿದ್ದಳು. ಬಸ್ಸಿನಲ್ಲಿ ಈಗ ಮುಂದಿನ ಸೀಟಿನ ಹೆಂಗಸಿನ ಜಡೆಯ ತುದಿ ಕಂಬಿಯ ಮೇಲೆ ಅಲ್ಲಾಡುತ್ತಿತ್ತು. ಆ ಸೈಕಲ್ಲಿನ ದಿನವೂ ನಾಚಿಕೆಯಾಗಿತ್ತು. ಸೈಕಲ್ ಬಂದದ್ದಕ್ಕೆ ಸಂತೋಷ, ಅತ್ತಿಗೆಯ ಬರಿಗಾಲು ಮೊಣಕಾಲಿನವರೆಗೆ ಕಾಣುತ್ತಿದ್ದುದಕ್ಕೆ ನಾಚಿಕೆ. ಎದುರು ಸಾಲಿನ ಮನೆಯ ಹುಡುಗಿಯರು ಗೇಟಿನ ಮೇಲೆ ಕೂತು ನಗುತ್ತಿದ್ದರು, ಅವರ ಜೊತೆ ತಾನೂ ಸ್ವಲ್ಪ ನಕ್ಕಿದ್ದಳು. ಆ ಸ್ವಲ್ಪ ನಗುವನ್ನು ಇಷ್ಟು ವರ್ಷ ಎಲ್ಲಿಟ್ಟಿದ್ದೆ ಎಂದು ಅವಳಿಗೇ ಆಶ್ಚರ್ಯವಾಯಿತು.

ಗುಂಪಿನವರು ಮಧುಶ್ರೀಯ ತಾರಸಿಯನ್ನೇ ನೋಡಲು ಬರುವುದೆಂದು ಗೊತ್ತಾದಾಗ ಅತ್ತಿಗೆಗೆ ಫೋನ್ ಮಾಡಿದ್ದಳು. ‘ನಮ್ಮ ಮನೆಗೆ ಗಿಡ ನೋಡೋಕೆ ಜನ ಬರ್ತಾರೆ ಅತ್ತಿಗೆ, ನಿಮ್ಮ ಕೆಂಪು ಗಿಡ ಒಂದಷ್ಟು ಕುಂಡಕ್ಕೆ ಹಾಕಿ ಕಳಿಸ್ತೀರಾ?’ ಎಂದು ಕೇಳಿದ್ದಳು. ನನ್ನವೆಂದು ಹೇಳಿಕೊಂಡಿದ್ದೇನೆ ಎನ್ನುವುದನ್ನು ಹೇಳಲಿಲ್ಲ. ‘ಜಪಾನ್ ಸೊಪ್ಪಾ? ತಗೊಂಡು ಹೋಗೇ, ನಂಗೇನು ಮಾಡೋಕೆ ಅಷ್ಟು’ ಎಂದು ಅತ್ತಿಗೆ ಆಟೋ ಹೊಂದಿಸಿ ಕಳಿಸಿದ್ದಳು. ಮೊನ್ನೆ ಸಂಜೆಗೇ ಕುಂಡಗಳೆಲ್ಲ ತಾರಸಿಗೆ ಬಂದು, ಮಧುಶ್ರೀ ಅವನ್ನು ತನ್ನ ದಾಸವಾಳ, ಮಲ್ಲಿಗೆಗಳ ನಡುವೆ ಮೊದಲಿಂದ ಅಲ್ಲೇ ಇದ್ದ ಹಾಗೆ ಜೋಡಿಸಿ, ಕುಂಡದ ಅಂಚಿಗೆ ಅಂಟಿದ್ದ ಭದ್ರಾವತಿಯ ಕೆಮ್ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು. ಅಲ್ಲಿಗೆ ಎಲ್ಲ ಸರಿಯಾಗಿತ್ತು. ಅತ್ತಿಗೆ ಬರುತ್ತಾಳೆಂದು ಯಾರಿಗೆ ಗೊತ್ತು.

ನಿನ್ನೆ ಹೆಂಗಸರು ಗಿಡಗಳ ಸುತ್ತ ಬಾಗಿ ಎಲೆ ಮುಟ್ಟಿ ಮೂಸುತ್ತಿದ್ದಾಗ ಮೆಟ್ಟಿಲಲ್ಲಿ ಚಪ್ಪಲಿಯ ಸಪ್ಪಳವಾಯಿತು. ‘ಮಧೂ, ಕೆಳಗೆ ಬಾಗಿಲು ತೆಗ್ದೇ ಇಟ್ಟಿದ್ದೀಯಲ್ಲೇ ಮಾರಾಯ್ತಿ, ಯಾರಾದ್ರೂ ಒಳಗೆ ಹೊಕ್ರೆ?’ ಎನ್ನುತ್ತ ಉಚ್ಚಂಗಮ್ಮ ತಾರಸಿಗೆ ಬಂದೇಬಿಟ್ಟಳು; ಬಾಗಿಲ ಹತ್ತಿರವಿದ್ದ ಮಧುಶ್ರೀಗಲ್ಲದೆ, ಗದ್ದಲದಲ್ಲಿ ಆ ಮಾತು ಯಾರಿಗೂ ಕೇಳಿಸಲಿಲ್ಲ. ಬಸ್ಸಿನಲ್ಲಿ ಕೆದರಿದ ತಲೆ, ಮಳೆಗೆ ಅಂಚು ಒದ್ದೆಯಾದ ನೈಲಾನ್ ಸೀರೆ, ಒಂದು ಕಂಕುಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಕೆಂಪು ಸೊಪ್ಪಿನ ಹೊರೆ, ಇನ್ನೊಂದು ಕೈಯಲ್ಲಿ ಉಬ್ಬಿದ ದೊಡ್ಡ ಚೀಲ. ಅಷ್ಟು ಜನರನ್ನು ಕಂಡು ಗಕ್ಕನೆ ನಿಂತು ಎಲ್ಲರಿಗೂ ಒಂದು ನಗು ಕೊಟ್ಟಳು. ಪ್ರಿಯಂವದಾ ಕನ್ನಡಕ ಸರಿಮಾಡಿಕೊಂಡು ಸೌಜನ್ಯದಿಂದಲೇ ಕೇಳಿದರು: “ಇವರು ಯಾರು ಮಧುಶ್ರೀ?”

ಉತ್ತರಕ್ಕೆ ಮುಂಚೆ ಎಷ್ಟು ಹೊತ್ತಿತ್ತು? ಬಸ್ಸಿನಲ್ಲಿ ಕೂತು ಆ ಹೊತ್ತನ್ನು ಹಿಗ್ಗಿಸಿ ನೋಡಿದರೆ ಅದರೊಳಗೆ ಬೇಕಾದಷ್ಟು ಜಾಗವಿತ್ತು. ‘ನಮ್ಮ ಅತ್ತಿಗೆ’ ಎನ್ನಲು ಎರಡೇ ಮಾತು. ಅದನ್ನಂದಿದ್ದರೆ ಪ್ರಿಯಂವದಾ ‘ಓ, ಭದ್ರಾವತಿಯವರಾ’ ಎನ್ನುತ್ತಿದ್ದರು, ಅತ್ತಿಗೆ ‘ಹೂಂ, ಈ ಗಿಡ ಎಲ್ಲ ನಮ್ಮ ಹಿತ್ಲದ್ದೇ’ ಎಂದು ಬಾಯಿಬಿಡುತ್ತಿದ್ದಳು, ಇಟ್ಟಿಗೆ ಗೋಡೆ ಕೇಳಿದ ಹೆಂಗಸು ಹುಬ್ಬೇರಿಸುತ್ತಿದ್ದಳು. ಇಷ್ಟೂ ಆ ಒಂದು ಗಳಿಗೆಯಲ್ಲಿ ಕಣ್ಣ ಮುಂದೆ ಬಂದಿತ್ತು. ಆದ್ದರಿಂದ ಬಾಯಿ ತಪ್ಪಿ ಬಂದ ಮಾತು ಅದೆಂದು ಹೇಳಿಕೊಳ್ಳಲೂ ದಾರಿಯಿರಲಿಲ್ಲ. ಯೋಚಿಸಿಯೇ ಹೇಳಿದ್ದಳು.

“ಇವರು... ಗಿಡದವರು. ಭದ್ರಾವತಿಯಿಂದ ಬರ್ತಾರೆ. ಗೊಬ್ಬರ, ಮಣ್ಣು ಎಲ್ಲ ತಂದುಕೊಡ್ತಾರೆ.”

ಉಚ್ಚಂಗಮ್ಮ ಅವಳನ್ನು ನೋಡಿದಳು. ಆಮೇಲೆ ಕುಂಡಗಳನ್ನು ನೋಡಿದಳು, ಹೆಂಗಸರ ಕೈಯಲ್ಲಿದ್ದ ಫೋನುಗಳನ್ನು ನೋಡಿದಳು. ದೊಡ್ಡ ಚೀಲವನ್ನು ನೀರಿನ ಟ್ಯಾಂಕಿನ ಹಿಂದೆ ಮೆಲ್ಲಗೆ ಇಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಹೌದ್ರಮ್ಮಾ. ನಾನೇ ಗಿಡದೋಳು. ಏನ್ ಬೇಕಿತ್ತು?”

“ಈ ಶಿಸೋ ಸಸಿ ನಮಗೂ ಸಿಗುತ್ತಾ?”

“ಸಿಗುತ್ತೆ. ಒಂದಕ್ಕೆ ನೂರಿಪ್ಪತ್ತು.”

“ಅಯ್ಯಯ್ಯೋ! ತುಳಸಿ ಸಸಿ ಹತ್ತು ರೂಪಾಯಿಗೆ ಬರುತ್ತಮ್ಮ.”

“ತುಳಸಿನೇ ತಗೊಳ್ಳಿ ಮತ್ತೆ, ಪುಣ್ಯನಾದ್ರೂ ಬರುತ್ತೆ. ಇದು ಜಪಾನಿಂದು. ಪುಣ್ಯ ಬರಲ್ಲ, ಪಾನಕ ಬರುತ್ತೆ.”

ಹೆಂಗಸರು ಗೊಳ್ಳೆಂದು ನಕ್ಕರು. ಪ್ರಿಯಂವದಾ ಕೂಡ ನಕ್ಕರು. “ಬಾಯಿ ಜೋರಿದೆ ನಿಮ್ಮ ಗಿಡದವರದು,” ಎಂದು ಯಾರೋ ಮಧುಶ್ರೀಯ ಭುಜ ತಟ್ಟಿದರು. “ಮಧು ಮೇಡಂಗೂ ಇದೇ ರೇಟಾ?” ಎಂದು ಇನ್ನೊಬ್ಬರು ಕೆಣಕಿದಾಗ ಉಚ್ಚಂಗಮ್ಮ ಸೊಪ್ಪಿನ ಗಂಟು ಬಿಚ್ಚುತ್ತ ತಲೆ ಎತ್ತದೆ ಹೇಳಿದಳು: “ಅವರು ಹಳೇ ಗಿರಾಕಿ. ಅವರಿಗೆ ಸುಮ್ನೆ ಕೊಡ್ತೀನಿ.”

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಆದರೆ ಒಂದು ಸುಳ್ಳನ್ನು ಆಡಿದ ಮೇಲೆ ಅದಕ್ಕೆ ತಕ್ಕ ಹಾಗೆ ನಡೆಯಬೇಕಾಗುತ್ತದೆ. ಪಾನಕದ ಹೊತ್ತಿಗೆ ಮಧುಶ್ರೀ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, “ನೀನು ಆ ನಿಂಬೆಹಣ್ಣು ಹೆಚ್ಚು, ಲೋಟ ಇಲ್ಲಿ ಜೋಡಿಸು,” ಎಂದಳು. ಮದುವೆಯಾಗಿ ಬಂದ ದಿನದಿಂದ ಬಹುವಚನದಲ್ಲಿ ಮಾತಾಡಿಸಿದ ಹೆಂಗಸು. ಅತ್ತಿಗೆ ಹೆಚ್ಚಿದಳು, ಜೋಡಿಸಿದಳು. ಕುದಿಸಿ ಸೋಸಿದ ಸೊಪ್ಪಿನ ನೀರು ಗಾಜಿನ ಜಗ್ಗಿನಲ್ಲಿ ನೇರಳೆಗೆ ತಿರುಗಿದ ಕೆಸರಿನಂತಿತ್ತು. ನಿಂಬೆರಸ ಬಿದ್ದ ಕೂಡಲೇ ಒಳಗಿಂದ ದೀಪ ಹಚ್ಚಿದ ಹಾಗೆ ಗುಲಾಬಿ ಕೆಂಪಾಯಿತು. ಹೆಂಗಸರು ಮಕ್ಕಳಂತೆ ಕೂಗಿ, ಇನ್ನೊಂದು ಸಲ ಮಾಡಿ, ವಿಡಿಯೋ ಮಾಡ್ಕೋತೀವಿ ಎಂದರು. “ಎಷ್ಟು ಪ್ರೀತಿಯಿಂದ ಬೆಳೆಸಿದ್ದೀರಿ ಮಧುಶ್ರೀ. ಗಿಡಕ್ಕೆ ಬೆಳೆಸಿದವರ ಕೈ ಗೊತ್ತಾಗುತ್ತೆ,” ಎಂದರು ಪ್ರಿಯಂವದಾ. ಬೆಳೆಸಿದವಳ ಕೈ ಆಗ ತಟ್ಟೆ ಹಿಡಿದುಕೊಂಡಿತ್ತು. ಗಾಜಿನ ಲೋಟಗಳು ಬಂದವರಿಗೆ ಸರಿಹೋದವು. ‘ಅವರಿಗೂ ಕೊಡಿ’ ಎಂದು ಒಬ್ಬರು ನೆನಪಿಸಿದಾಗ ಮಧುಶ್ರೀ ಗಿಡಕ್ಕೆ ನೀರು ಹಾಕುವ ನಲ್ಲಿಯ ಹತ್ತಿರವಿದ್ದ ಸ್ಟೀಲ್ ಲೋಟವನ್ನು ತೊಳೆದು ಅದಕ್ಕೆ ಬಗ್ಗಿಸಿದಳು. ಅತ್ತಿಗೆ ಅದನ್ನು ಎತ್ತಿ ಕುಡಿದಳು. ಕುಡಿದು, “ಸಕ್ಕರೆ ಒಂಚೂರು ಹೆಚ್ಚಾಯ್ತು ಅಮ್ಮಾ,” ಎಂದಳು. ಆ ‘ಅಮ್ಮಾ’ ತನಗೆ.

ಹೊರಡುವಾಗ ಎಲ್ಲರಿಗೂ ಅರಿಶಿನ ಕುಂಕುಮ ಕೊಡಬೇಕು. ಮಧುಶ್ರೀ ತಟ್ಟೆ ಹಿಡಿದುಕೊಂಡು ಒಬ್ಬೊಬ್ಬರಿಗೂ ಕೊಟ್ಟು, ಕೊನೆಗೆ ಟ್ಯಾಂಕಿನ ಬಳಿ ನಿಂತವಳ ಮುಂದೆಯೂ ಹಿಡಿದಳು. ಉಚ್ಚಂಗಮ್ಮ ಹಣೆಗಿಟ್ಟುಕೊಂಡಳು, ಅಭ್ಯಾಸಬಲದಿಂದ ಉಳಿದ ಕುಂಕುಮದ ಬೆರಳನ್ನು ನಾದಿನಿಯ ಹಣೆಯ ಕಡೆ ತಂದಳು. ಬೆರಳು ಗಾಳಿಯಲ್ಲಿ ನಿಂತಿತು. ಆಮೇಲೆ ಅದನ್ನು ತನ್ನ ತಾಳಿಗೇ ಒರೆಸಿಕೊಂಡಳು. ಯಾರೂ ಗಮನಿಸಲಿಲ್ಲ.

ಮಾಚೇನಹಳ್ಳಿಯಲ್ಲಿ ಒಂದಷ್ಟು ಜನ ಇಳಿದು ಬಸ್ಸು ಹಗುರವಾಯಿತು. ಪಕ್ಕದಲ್ಲಿ ಕೂತಿದ್ದ ಮುದುಕಿ ಎದ್ದು ಹೋದಳು. ಅವಳೆದುರು ತನ್ನ ಮುಖದಲ್ಲಿ ಏನೋ ಕಾಣುತ್ತಿದೆಯೆಂದು ಅಷ್ಟು ಹೊತ್ತು ಕಿಟಕಿಯ ಕಡೆಗೇ ತಿರುಗಿದ್ದ ಮಧುಶ್ರೀ ಈಗ ಕತ್ತು ಸಡಿಲಿಸಿದಳು. ನಿನ್ನೆ ಎಲ್ಲರೂ ಹೋದ ಮೇಲೆ ಏನೋ ಹೇಳಲು ಹೊರಟಿದ್ದಳು, ‘ಅತ್ತಿಗೆ, ಅದೇನಾಯ್ತು ಅಂದ್ರೆ...’ ಎಂದು. ಲೋಟ ತೊಳೆಯುತ್ತಿದ್ದ ಅತ್ತಿಗೆ ‘ಏನೂ ಆಗ್ಲಿಲ್ಲ ಬಿಡು, ನಾಕು ಗಿಡಕ್ಕೆ ಗಿರಾಕಿ ಸಿಕ್ಕಿದ್ರು’ ಎಂದು ನಕ್ಕಿದ್ದಳು. ನಿಜವಾದ ನಗುವೇ. ‘ಊಟ ಮಾಡ್ಕೊಂಡು ಹೋಗಿ’ ಎಂದರೆ ‘ನಿಮ್ಮಣ್ಣ ಪಾಳಿಗೆ ಹೋಗೋ ಮುಂಚೆ ಅಡುಗೆ ಆಗ್ಬೇಕು’ ಎಂದು ಟ್ಯಾಂಕಿನ ಹಿಂದಿನ ಚೀಲ ಎತ್ತಿಕೊಂಡಿದ್ದಳು. ಚೀಲದ ಬಾಯಲ್ಲಿ ಬಿದಿರಿನ ಅಂಚೊಂದು ಇಣುಕುತ್ತಿತ್ತು. ಸೊಪ್ಪಿನ ಬುಟ್ಟಿ ಇರಬೇಕೆಂದು ಮಧುಶ್ರೀ ಅಂದುಕೊಂಡಿದ್ದಳು, ಅಥವಾ ಏನೂ ಅಂದುಕೊಂಡಿರಲಿಲ್ಲ. ಚಪ್ಪಲಿಯ ಸಪ್ಪಳ ಮೆಟ್ಟಿಲಿಳಿದು ರಸ್ತೆಗೆ ಸೇರಿದಾಗ ಅವಳಿಗೆ ಉಸಿರು ಬಂದಿತ್ತು. ಆ ಉಸಿರನ್ನು ನೆನೆದು ಈಗ ಮತ್ತೆ ಬೀಜದ ಪೊಟ್ಟಣದಿಂದ ಕೂಡಿಸತೊಡಗಿದಳು.

ನಿನ್ನೆ ಸಂಜೆ ಅಣ್ಣನ ಫೋನು. “ಮಧು, ಬಾಗಿನ ಹೆಂಗಿತ್ತೇ? ಬಳೆ ಅಳತೆ ಸರಿ ಆಯ್ತಾ?”

ಗೌರಿ ಹಬ್ಬಕ್ಕೆ ಇನ್ನೂ ವಾರವಿತ್ತು. ಅವಳಿಗೆ ಹೊಳೆದೇ ಇರಲಿಲ್ಲ.

“ಸೊಪ್ಪು ಕೊಡೋಕೆ ಹೆಂಗೂ ಶಿವಮೊಗ್ಗಕ್ಕೆ ಹೋಗ್ತೀನಿ, ಅಲ್ಲಿ ಆ ಹೆಂಗಸರ ಮುಂದೆನೇ ನನ್ನ ನಾದಿನಿಗೆ ಬಾಗಿನ ಕೊಟ್ಟು ಬರ್ತೀನಿ ಅಂತ ಕುಣೀತಾ ಬಂದ್ಲು ನಿಮ್ಮತ್ತಿಗೆ. ಮೊರಕ್ಕೆ ಅರಿಶಿನ ಬಳ್ದಿದ್ಲು, ಈ ಮಳೇಲಿ ಒಣಗ್ಬೇಕಲ್ಲ ಮಾರಾಯ್ತಿ, ಒಲೆ ಮೇಲೆ ಹಿಡ್ಕೊಂಡು ಕೂತಿದ್ಲು. ಕೆಂಪು ರವಿಕೆ ಕಣ ನಾನೇ ಆರಿಸಿದ್ದು. ಚೆನ್ನಾಗಿತ್ತಾ?”

“ಚೆನ್ನಾಗಿತ್ತಣ್ಣ,” ಎಂದಿದ್ದಳು ಮಧುಶ್ರೀ.

ಗಂಡ ನಿರಂಜನ ಟಿವಿಯಿಂದ ಕಣ್ಣು ತೆಗೆಯದೆ, “ಏನಂತೆ ನಿಮ್ಮಣ್ಣ?” ಎಂದು ಕೇಳಿದ್ದ. “ಏನಿಲ್ಲ, ಹಬ್ಬದ ವಿಷಯ.” ರಾತ್ರಿಯಿಡೀ ಅವಳು ಆ ಮೊರವನ್ನು ನೋಡುತ್ತ ಮಲಗಿದ್ದಳು: ಒಂದರ ಮೇಲೊಂದು ಕವುಚಿದ ಜೋಡಿ ಮೊರ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಕನ್ನಡಿ, ಬಾಚಣಿಗೆ. ಪ್ರತಿವರ್ಷ ಸೆರಗು ಹೊದಿಸಿ ಅತ್ತಿಗೆ ಕೊಡುತ್ತಿದ್ದಳು, ಸೆರಗೊಡ್ಡಿ ತಾನು ಈಸಿಕೊಳ್ಳುತ್ತಿದ್ದಳು. ಅಪ್ಪ ಹೋದ ವರ್ಷವೂ ತಪ್ಪಿರಲಿಲ್ಲ, ಅಣ್ಣನ ಕೆಲಸ ನಿಂತ ವರ್ಷವೂ ತಪ್ಪಿರಲಿಲ್ಲ. ಅದು ಟ್ಯಾಂಕಿನ ಹಿಂದೆ ಪಾಚಿಗಟ್ಟಿದ ನೆಲದ ಮೇಲೆ ಕೂತಿತ್ತು, ತಾನು ಇತ್ತ ಬೇರೆ ಹೆಂಗಸರಿಗೆ ಕುಂಕುಮ ಕೊಡುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಹೋಗಿ ತಂದುಬಿಡುತ್ತೇನೆ ಎಂದು ನಿರ್ಧರಿಸಿದಳು. ಕಾಲಿಗೆ ಬಿದ್ದು ಕೇಳಿದರೆ ಅತ್ತಿಗೆ ಇಲ್ಲವೆನ್ನುವವಳಲ್ಲ. ಹೋಗಿ, ಕೇಳಿ, ಈಸಿಕೊಂಡು ಬರುವುದು. ಬಾಗಿನ ಕೈಗೆ ಬಂದರೆ ಮಿಕ್ಕದ್ದೆಲ್ಲ ಹಳೆಯದಾಗಿ ಸರಿಹೋಗುತ್ತದೆ.

ಭದ್ರಾವತಿಯಲ್ಲಿ ಬಸ್ಸಿಳಿದು ನ್ಯೂ ಟೌನಿನ ಮರಗಳ ಕೆಳಗೆ ನಡೆಯುವಾಗ ಅವಳು ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಳು. ಮನೆಯ ಮುಂದಿನ ಬಾಗಿಲು ಹಾಕಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಅಣ್ಣ ಮಲಗಿರಬೇಕು. ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಹೋದರೆ ಉಚ್ಚಂಗಮ್ಮ ಕತ್ತರಿ ಹಿಡಿದು ಕೆಂಪು ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಕುಂಡಕ್ಕೆ ಕಿತ್ತು ಕೊಟ್ಟ ಕಡೆ ನೆಲ ಬೋಳಾಗಿತ್ತು. ಉಳಿದ ಗಿಡಗಳು ಸೊಂಟದವರೆಗೆ ಬೆಳೆದಿದ್ದವು.

“ಬಾರೇ,” ಎಂದಳು, ಏನೂ ಆಗದವಳ ಹಾಗೆ. “ಒಳ್ಳೇ ಹೊತ್ತಿಗೆ ಬಂದೆ. ತೆನೆ ಹೊರಡ್ತಾ ಇದೆ ನೋಡು ತುದೀಲಿ. ಇನ್ನು ಬಿಟ್ರೆ ಎಲೆ ಒರಟಾಗುತ್ತೆ. ಆ ಕತ್ತರಿ ತಗೋ. ಕೆಳಗೆ ಎರಡು ಜೋಡಿ ಎಲೆ ಉಳಿಸಿ ಮೇಲೆ ಕತ್ತರ್ಸು. ಕೀಳ್ಬೇಡ.”

ಮಧುಶ್ರೀ ಸೀರೆ ಎತ್ತಿ ಕಟ್ಟಿ ಎದುರು ಸಾಲಿನಲ್ಲಿ ಕೂತಳು. ಕತ್ತರಿಸಿದಲ್ಲೆಲ್ಲ ಆ ಘಮ ಎದ್ದು ಬೆರಳಿಗೆ ಹತ್ತಿತು. ಮೇಲೆ ಕಡುಗೆಂಪಾಗಿದ್ದ ಎಲೆಯನ್ನು ತಿರುವಿದರೆ ತಳದಲ್ಲಿ ಇನ್ನೂ ಗಾಢ, ನರಗಳು ಎದ್ದು ಕಾಣುತ್ತಿದ್ದವು. ಬುಟ್ಟಿ ಅರ್ಧ ತುಂಬುವವರೆಗೆ ಬಾಯಿಪಾಠ ಮಾಡಿದ್ದೊಂದೂ ಬರಲಿಲ್ಲ. ಗಿಡದ ಎಲೆಗಳ ಸಂದಿಯಲ್ಲಿ ಅತ್ತಿಗೆಯ ಕೈ ಮಾತ್ರ ಕಾಣುತ್ತಿತ್ತು, ಹೆಬ್ಬೆರಳಿನ ಉಗುರಿನಲ್ಲಿ ಕಪ್ಪಗೆ ಮಣ್ಣು. ಮುಖ ಕಾಣದಿದ್ದುದರಿಂದಲೇ ಕೊನೆಗೆ ಮಾತು ಹೊರಟಿತು.

“ಅತ್ತಿಗೆ, ನಿನ್ನೆ ನಂದು ತಪ್ಪಾಯ್ತು.”

“ಆಯ್ತು,” ಎಂದಳು ಉಚ್ಚಂಗಮ್ಮ. ಕತ್ತರಿ ನಿಲ್ಲಲಿಲ್ಲ. ಹಾಗೇನಿಲ್ಲ ಬಿಡು ಎನ್ನುತ್ತಾಳೆಂದು ಮಧುಶ್ರೀ ಕಾದಳು. ಅದು ಬರಲಿಲ್ಲ.

“ಬಾಗಿನ... ತಗೊಂಡು ಹೋಗೋಕೆ ಬಂದೆ.”

“ಬಾಗಿನ ತಗೊಂಡು ಹೋಗೋಕೆ ಬರ್ತಾರೇನೇ ಯಾರಾದ್ರೂ? ತವರಿನೋರು ಒಯ್ದು ಕೊಡ್ಬೇಕು.” ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿ, “ಅದು ಈಗಿಲ್ಲ. ಕೊಟ್ಬಿಟ್ಟೆ,” ಎಂದಳು.

“ಯಾರಿಗೆ?”

“ತುಂಬಿದ ಮೊರ ತಿರುಗಿ ಹೊಸ್ತಿಲು ದಾಟಬಾರದು ಅಂತ ನಮ್ಮವ್ವ ಹೇಳ್ತಿದ್ಲು. ಶಿವಮೊಗ್ಗ ಬಸ್‌ಸ್ಟ್ಯಾಂಡಿನಾಗೆ ಕೂತೆ. ಒಂದು ಬಸ್ ಬಿಟ್ಟೆ, ಇನ್ನೊಂದೂ ಬಿಟ್ಟೆ. ಏನ್ ಮಾಡ್ಲಿ ಇದನ್ನ? ನಿಮ್ಮನೆಗೆ ವಾಪಸ್ ಬರೋಣ ಅಂದ್ರೆ, ಗಿಡದೋಳು ಬಾಗಿನ ಹೆಂಗೆ ಕೊಡ್ತಾಳೆ? ಅಲ್ಲೇ ಹೂ ಮಾರ್ತಾಳಲ್ಲ, ಪದ್ಮಮ್ಮ ಅಂತೆ, ಹೊಳಲೂರಿನ ಕಡೇಳು. ಹಬ್ಬಕ್ಕೆ ತವರಿಗೆ ಹೋಗಲ್ವಾ ಅಂತ ಮಾತಿಗೆ ಕೇಳ್ದೆ. ಯಾರೂ ಉಳಿದಿಲ್ಲಮ್ಮ ಅಂದ್ಲು. ಅವಳಿಗೇ ಕೊಟ್ಟೆ. ಬೇಡ ಬೇಡ ಅಂತಾಳೆ ಪಾಪ. ಆಮೇಲೆ ಸೆರಗೊಡ್ಡಿದ್ಲು.”

ಮಧುಶ್ರೀಯ ಕೈಯಲ್ಲಿದ್ದ ಕತ್ತರಿ ಎಲೆಯೊಂದರ ತೊಟ್ಟನ್ನು ಕಚ್ಚಿಕೊಂಡು ಹಾಗೇ ನಿಂತಿತ್ತು. ಬಸ್‌ಸ್ಟ್ಯಾಂಡಿನ ಗಲಾಟೆಯ ನಡುವೆ ಆ ಕೊಡುವುದು, ಈಸಿಕೊಳ್ಳುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಅಲ್ಲಿ ಯಾರೂ ಫೋಟೋ ತೆಗೆದಿರಲಿಕ್ಕಿಲ್ಲ.

“ಒಳ್ಳೇದಾಯ್ತು ಅತ್ತಿಗೆ,” ಎಂದಳು, ಒಳ್ಳೆಯವಳಂತೆ. ಆಮೇಲೆ ತಡೆಯಲಾರದೆ, “ಮುಂದಿನ ವರ್ಷ ನಾನೇ ಇಲ್ಲಿಗೆ ಬರ್ತೀನಿ. ನೀವು ಅಷ್ಟು ದೂರ ಬರೋದು ಬೇಡ.”

ಉಚ್ಚಂಗಮ್ಮ ಮೊದಲ ಸಲ ಗಿಡ ಸರಿಸಿ ಅವಳ ಮುಖ ನೋಡಿದಳು. ಆ ಮುಖದಲ್ಲಿ ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು. ಸಿಟ್ಟಾದರೆ ಇಳಿಯುತ್ತದೆ.

“ಮುಂದಿನ ವರ್ಷನೂ ಅವಳಿಗೇ ಕೊಡ್ಬೇಕು ಮಧೂ. ಬಾಗಿನ ಒಂದ್ಸಲ ಕೊಟ್ಟ ಮೇಲೆ ನಡುವೆ ನಿಲ್ಲಿಸ್ಬಾರ್ದು. ವರ್ಷ ವರ್ಷ ಬರ್ತೀನಿ ಅಂತ ಹೇಳಿ ಬಂದೀನಿ. ಎರಡೆರಡು ಕಡೆ ಕೊಡೋ ಅಷ್ಟು ನಮ್ಮ ಕೈಲಾಗಲ್ಲ, ನಿಂಗೇ ಗೊತ್ತಲ್ಲ.”

ಅಕ್ಕಿಯ ಬೆಲೆ ಹೇಳಿದಷ್ಟೇ ಸಹಜವಾಗಿ ಹೇಳಿದಳು. ಹೇಳಿ ಪಕ್ಕದ ಗಿಡಕ್ಕೆ ಸರಿದಳು. “ನಿಮ್ಮಣ್ಣನಿಗೆ ನಿಂಗೇ ಕೊಟ್ಟೆ ಅಂದೀನಿ. ನೀನೂ ಹಂಗೇ ಅನ್ನು. ಅವರಿಗೆ ಗೊತ್ತಾದ್ರೆ ಊಟ ಬಿಡ್ತಾರೆ.”

ಅಷ್ಟರಲ್ಲಿ ಧರ್ಮೇಂದ್ರನೇ ಲುಂಗಿ ಸುತ್ತಿಕೊಳ್ಳುತ್ತ ಹಿತ್ತಿಲ ಬಾಗಿಲಿಗೆ ಬಂದ. ನಿದ್ದೆಗಣ್ಣಲ್ಲೇ ತಂಗಿಯನ್ನು ಕಂಡು ಮುಖವರಳಿತು. “ಓ, ಯಾವಾಗ ಬಂದೆ? ಏನ್ ಮಾರಾಯ್ತಿ, ನಿನ್ನೆ ತಾನೇ ನಿಮ್ಮತ್ತಿಗೆ ಬಂದು ಹೋದ್ಲು, ಇವತ್ತು ನೀನು. ಎಲ್ಲಿ, ಬಳೆ ಹಾಕ್ಕೊಂಡಿಲ್ವಾ?”

ಮಧುಶ್ರೀ ತನ್ನ ಕೈ ನೋಡಿಕೊಂಡಳು. ಮಣಿಕಟ್ಟಿನವರೆಗೆ ಸೊಪ್ಪಿನ ಕಲೆ ಹತ್ತಿತ್ತು.

“ಹಬ್ಬಕ್ಕೆ ಹಾಕ್ಕೋತಾಳೆ ಕಣ್ರೀ, ಈಗ್ಲೇ ಹಾಕ್ಕೊಂಡು ಸೊಪ್ಪು ಕುಯ್ಯೋಕೆ ಕೂತ್ರೆ ಒಡೀದೇ ಇರ್ತವಾ?” ಎಂದಳು ಉಚ್ಚಂಗಮ್ಮ. “ಹೋಗಿ, ಮುಖ ತೊಳ್ಕೊಳ್ಳಿ, ಕಾಫಿ ಮಾಡ್ತೀನಿ.”

ಮೂವರೂ ಕೂತು ಕಾಫಿ ಕುಡಿದರು, ಊಟ ಮಾಡಿದರು. ಸೊಪ್ಪಿಗೆ ಉಪ್ಪು ಹಾಕಿ ತಿಕ್ಕಿ, ಮೊದಲು ಬಂದ ಕಪ್ಪು ನೊರೆಯನ್ನು ಹಿಂಡಿ ಚೆಲ್ಲಿ, ಅತ್ತಿಗೆ ಅದನ್ನು ನೆಲ್ಲಿಕಾಯಿಯ ಭರಣಿಗೆ ಹಾಕಿದಳು. ಅಣ್ಣ ಬಂಕಿನಲ್ಲಿ ಒಬ್ಬ ಸ್ಕೂಟರಿಗೆ ಡೀಸೆಲ್ ಹಾಕಿಸಿಕೊಂಡ ಕತೆ ಹೇಳಿದ. ಮಧುಶ್ರೀ ನಗಬೇಕಾದಲ್ಲೆಲ್ಲ ನಕ್ಕಳು. ಹೊರಡುವಾಗ ಫೋನು ತೆಗೆದು, ತಲೆ ತಗ್ಗಿಸಿ, “ಅತ್ತಿಗೆ, ಆ ಹೆಂಗಸರು ನಿಮ್ಮ ನಂಬರ್ ಕೇಳ್ತಿದ್ದಾರೆ. ನಿಜ ಹೇಳಿಬಿಡ್ಲಾ?” ಎಂದಳು.

“ಈಗ ಹೇಳಿದ್ರೆ ಅವರು ನಿನ್ನ ಬಗ್ಗೆ ಮಾತಾಡ್ಕೋತಾರೆ, ನಂಗೇನು ಸಿಕ್ತು? ನಂಬರ್ ಕೊಡು. ವ್ಯಾಪಾರ ಆಗ್ಲಿ.” ಆಮೇಲೆ ಕುಂಕುಮದ ಬಟ್ಟಲು ತಂದು ಹೊಸ್ತಿಲ ಒಳಗೆ ನಿಂತು ಹಣೆಗಿಟ್ಟಳು, ಮನೆಗೆ ಬಂದ ಯಾವ ಹೆಂಗಸಿಗಾದರೂ ಇಡುವ ಹಾಗೆ. “ಬರ್ತಾ ಇರು,” ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಧುಶ್ರೀ ಆ ನಂಬರಿಗೆ ‘ಉಚ್ಚಂಗಮ್ಮ, ಗಿಡ’ ಎಂದು ಹೆಸರು ಕೊಟ್ಟು ಗುಂಪಿಗೆ ಕಳಿಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಹಿತ್ತಲಿನ ಗಿಡಗಳು ಶಿವಮೊಗ್ಗದ ಎಷ್ಟೋ ತಾರಸಿಗಳನ್ನು ಸೇರಿದವು. ಪ್ರಿಯಂವದಾ ಅವರೂ ತರಿಸಿಕೊಂಡು, ಮಧುಶ್ರೀಯ ಗಿಡದವರು ಪ್ರಾಮಾಣಿಕರು ಎಂದು ಬರೆದರು. ಅಣ್ಣನ ಮನೆಗೆ ಒಂದು ಆದಾಯವಾಯಿತು. ಅವಳು ಆಡಿದ ಸುಳ್ಳು ನಿಜವಾಯಿತು. ಗೌರಿ ಹಬ್ಬದ ದಿನ ಅವಳು ಗಾಂಧಿ ಬಜಾರಿಗೆ ಹೋಗಿ ತನ್ನ ದುಡ್ಡಿನಲ್ಲಿ ಹಸಿರು ಬಳೆ ತೊಟ್ಟುಕೊಂಡು, ಕೈಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿದಳು. ಅಳತೆ ಸರಿಯಾಗಿದೆ ಎಂದು ಅವನು ಸಂತೋಷಪಟ್ಟ. ಭದ್ರಾವತಿಯಲ್ಲಿ ಅವಳಿಗೆ ಅಣ್ಣನ ಮನೆ ಉಳಿಯಿತು. ತವರು ಹೋಯಿತು.